ಆಕಾಶದಿಂದ ಇಳಿದುಹೋದ ಬೆಕ್ಕು

ಜನವರಿ 4, ಬೆಳಗಿನ ಜಾವ ಮೂರೂವರೆ. ಅಜ್ಜಿ ಮನೆ ತಾರಸಿ ಮೇಲೆ ಕಂಬಳಿ ಹೊದ್ದು ಕೂತಿದ್ದೇನೆ. ಪಕ್ಕದಲ್ಲಿ ಮನೆ ಬೆಕ್ಕು. ಅದು ನನಗಿಂತ ಆರಾಮಾಗಿದೆ.

ಬಂದಿದ್ದು ಕ್ವಾಡ್ರಾಂಟಿಡ್ಸ್ ಉಲ್ಕೆ ನೋಡೋಕೆ. ಉಲ್ಕೆಗಳು ಯಾವ ನಕ್ಷತ್ರಪುಂಜದ ಕಡೆಯಿಂದ ಹೊರಟಂತೆ ಕಾಣುತ್ತವೋ, ಸಾಮಾನ್ಯವಾಗಿ ಅದರ ಹೆಸರನ್ನೇ ಇಡುತ್ತಾರೆ. ಆದರೆ ಕ್ವಾಡ್ರಾಂಟಿಡ್ಸ್‌ಗೆ ಹೆಸರು ಕೊಟ್ಟ ಪುಂಜವನ್ನು ಆ್ಯಪ್‌ನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಗುವುದೂ ಇಲ್ಲ. ಅದು ಈಗ ಲೆಕ್ಕದಲ್ಲೇ ಇಲ್ಲ!

1795ರಲ್ಲಿ ಪ್ಯಾರಿಸ್‌ನ ಖಗೋಳಜ್ಞ ಜೆರೋಮ್ ಲಲಾಂದ್ ಅದನ್ನು ಮಾಡಿದ. ಅವನ ಸಂಬಂಧಿಕನೊಬ್ಬ ನಕ್ಷತ್ರಗಳ ಸ್ಥಾನ ಅಳೆಯುತ್ತಿದ್ದ, ಗೋಡೆಗೆ ಬಿಗಿದ ದೊಡ್ಡ ಕ್ವಾಡ್ರಂಟ್‌ನಲ್ಲಿ, ಅಂದರೆ ಕಾಲು ವೃತ್ತದ ಆಕಾರದ ಕೋನಮಾಪಕದಲ್ಲಿ. ಆ ಉಪಕರಣವನ್ನೇ ಲಲಾಂದ್ ಆಕಾಶಕ್ಕೆ ಏರಿಸಿಬಿಟ್ಟ. ಸಪ್ತರ್ಷಿ ಮಂಡಲದ ಬಾಲದ ಆಚೆ, ಸ್ವಾತಿ ನಕ್ಷತ್ರದ ಉತ್ತರಕ್ಕೆ.

ಆಗ ಇದೊಂದು ಚಾಳಿ. ಧೂಮಕೇತುವಿನ ಹ್ಯಾಲಿ ಇದ್ದಾನಲ್ಲ, ಅವನೂ ಕಮ್ಮಿ ಇಲ್ಲ. ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಶತ್ರುಗಳಿಗೆ ಹೆದರಿ ಒಂದು ಓಕ್ ಮರದಲ್ಲಿ ಬಚ್ಚಿಟ್ಟುಕೊಂಡಿದ್ದ. ಹ್ಯಾಲಿ ಆ ಮರವನ್ನೇ ಆಕಾಶದಲ್ಲಿ ನೆಟ್ಟ. ಬೆಣ್ಣೆ ಹಚ್ಚುವ ಕೆಲಸ, ಅಲ್ವಾ? ಆಮೇಲೆ ಫ್ರಾನ್ಸಿನ ಖಗೋಳಜ್ಞ ಲಕಾಯ್ ಅದನ್ನು ಕಿತ್ತುಹಾಕಿದ.

ಲಲಾಂದ್ 1799ರಲ್ಲಿ ಮಾಡಿದ್ದು ಬೇರೆ. ಅವನಿಗೆ ಬೆಕ್ಕು ಅಂದರೆ ಪ್ರಾಣ. ಸುಮ್ನೆ ಒಂದು ಬೆಕ್ಕನ್ನು ಆಕಾಶದಲ್ಲಿ ಕೂರಿಸಿದ. ಯಾವ ರಾಜನೂ ಇಲ್ಲ, ಲಾಭವೂ ಇಲ್ಲ. 47 ಸಾವಿರಕ್ಕೂ ಜಾಸ್ತಿ ನಕ್ಷತ್ರಗಳ ಪಟ್ಟಿ ಹೊರತಂದ ಮನುಷ್ಯ. ಇಷ್ಟು ಚೇಷ್ಟೆ ಮಾಡುವ ಹಕ್ಕು ಅವನಿಗಿತ್ತು ಅಂತ ನನಗನ್ನಿಸುತ್ತದೆ. 1801ರಲ್ಲಿ ಜರ್ಮನಿಯ ಖಗೋಳಜ್ಞ ಬೋಡೆ ತನ್ನ ಆಕಾಶ ನಕ್ಷೆಯಲ್ಲಿ ಆ ಬೆಕ್ಕನ್ನು ಬಿಡಿಸಿಯೂ ಬಿಟ್ಟ.

1922ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 88 ಪುಂಜ ಸಾಕು ಅಂದಿತು. ಬೆಕ್ಕಿಗೂ ಜಾಗ ಇಲ್ಲ, ಕ್ವಾಡ್ರಂಟ್‌ಗೂ ಇಲ್ಲ. ಆದರೆ ಉಲ್ಕೆಗಳ ಹೆಸರು ಹಾಗೇ ಉಳಿಯಿತು. 2018ರಲ್ಲಿ ಅದೇ ಒಕ್ಕೂಟ ಬೆಕ್ಕಿದ್ದ ಜಾಗದ ಒಂದು ನಕ್ಷತ್ರಕ್ಕೆ ಫೆಲಿಸ್ ಅಂತ ಹೆಸರಿಟ್ಟಿತು. ಲ್ಯಾಟಿನ್‌ನಲ್ಲಿ ಬೆಕ್ಕು ಅಂತಲೇ ಅರ್ಥ.

ಆ ನಕ್ಷತ್ರ ಈಗ ದಕ್ಷಿಣದಲ್ಲಿದೆ. ನಮ್ಮ ಆಶ್ಲೇಷಾ ಇದೆಯಲ್ಲ, ಹೈಡ್ರಾ ಹಾವಿನ ತಲೆ? ಅಲ್ಲಿಂದ ಹಾವಿನ ಮೈ ಹಿಡಿದು ಕೆಳಗೆ ಬರಬೇಕು. ತುಂಬಾ ಮಂಕು. ಕ್ಯಾಮೆರಾ ತಿರುಗಿಸಿ ಫೋಕಸ್ ಮಾಡುತ್ತಿದ್ದೆ. ಅಷ್ಟರಲ್ಲಿ ಹಿಂದುಗಡೆ, ಉತ್ತರದಲ್ಲಿ, ಇವತ್ತಿನ ಅತಿ ದೊಡ್ಡ ಉಲ್ಕೆ ಸರ್ರಂತ ಹೋಯಿತು.

ರೆಕಾರ್ಡ್ ಆಗಲಿಲ್ಲ. ನೋಡಿದ್ದು ಬೆಕ್ಕು ಮಾತ್ರ.