ಹಳೇ ಮನೆ ಕೆಡವದೆ ಹೊಸ ಮನೆಗೆ

(ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ್ರಿ. ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳೋದು ಹೇಗೆ ಅನ್ನೋದೇ ಇವತ್ತಿನ ಮಾತು.

ನಾನು ಒಂದು ಲ್ಯಾಬಿನ ಲಿನಕ್ಸ್ ಮಷಿನ್ ನೋಡಿಕೊಳ್ಳುತ್ತಿದ್ದೆ. ಎಂಟು ತಿಂಗಳು ಅಪ್‌ಡೇಟಿಗೆ ಕೈ ಹಚ್ಚಿರಲಿಲ್ಲ. ‘ನಡ್ಯಾಕತ್ತೈತಲ್ಲ, ಯಾಕ ಕೆಣಕಬೇಕು?’ ಅನ್ನೋ ಲೆಕ್ಕ. ಪರೀಕ್ಷೆ ನಾಲ್ಕು ದಿನ ಇರುವಾಗ ಆರುನೂರು ಚಿಲ್ಲರೆ ಪ್ಯಾಕೇಜು, ಅಂದರೆ ತಂತ್ರಾಂಶದ ಕಟ್ಟು, ಒಮ್ಮೆಗೇ ಹಾಕಲು ಕೂತೆ. ಅರ್ಧಕ್ಕೆ ಕರೆಂಟು ಹೋಯಿತು. ಯುಪಿಎಸ್ ಎರಡು ನಿಮಿಷ ಕೂಗಿ ಸುಮ್ಮನಾಯಿತು. ಮತ್ತೆ ಹಚ್ಚಿದರೆ ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ತಪ್ಪು ನನ್ನದೇ.

ಆಗಿದ್ದಿಷ್ಟೇ. ಪ್ಯಾಕೇಜು ಹಾಕುವಾಗ ನಡೆಯುತ್ತಿರುವ ಸಿಸ್ಟಮ್ಮಿನ ಮೇಲೆಯೇ ಫೈಲುಗಳು ಒಂದೊಂದಾಗಿ ಬದಲಾಗುತ್ತವೆ. ನಡುವೆ ನಿಂತರೆ ಅದು ಹಳೇದೂ ಅಲ್ಲ, ಹೊಸದೂ ಅಲ್ಲ.

ಸೋರ್ಸಿನಿಂದ, ಅಂದರೆ ಮೂಲ ಕೋಡಿನಿಂದ, ಪ್ರೋಗ್ರಾಮನ್ನು ನಾವೇ ಕಂಪೈಲ್ ಮಾಡಿದ್ದರೆ ಇನ್ನೂ ಕಷ್ಟ. ಜೋಳ ಬೀಸಿಸಿಕೊಂಡು ಬಂದು ರೊಟ್ಟಿ ಬಡಿದ ಹಾಗೆ ಅದು. ರುಚಿ ಖರೇ, ಹೊತ್ತು ಬಾಳ ಹೋಗುತ್ತದೆ. ಬೈನರಿ ಪ್ಯಾಕೇಜು ಅಂದರೆ ಕಟ್ಟಿಟ್ಟ ಕಟಕ ರೊಟ್ಟಿ. ಸೋರ್ಸೇ ನಮ್ಮ ಹೆಮ್ಮೆ ಅನ್ನುತ್ತಿದ್ದ ಜೆಂಟೂ ಎಂಬ ಲಿನಕ್ಸಿನ ಮಂದಿ ಕೂಡ 2023ರ ಡಿಸೆಂಬರಿನಿಂದ ಸಿದ್ಧ ಬೈನರಿಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಡತೊಡಗಿದರು. ನಮ್ಮ ಹಳೇ ಮಷಿನ್ನುಗಳಿಗೆ ಬೈನರಿಯೇ ಸರಿ, ಎರಡನೇ ಮಾತೇ ಬೇಡ.

ಈಗ ಸ್ನ್ಯಾಪ್‌ಶಾಟ್, ಅಂದರೆ ಸಿಸ್ಟಮ್ಮಿನ ಆ ಹೊತ್ತಿನ ಸ್ಥಿತಿಯನ್ನು ಹಿಡಿದಿಡೋದು. ಕ್ರಿಸ್ ಮೇಸನ್ ಅವರು ಒರಾಕಲ್‌ನಲ್ಲಿದ್ದಾಗ 2007ರಲ್ಲಿ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲು ಇಡುವ ವ್ಯವಸ್ಥೆ) ಶುರು ಮಾಡಿದರು, 2009ರಲ್ಲಿ ಅದು ಲಿನಕ್ಸಿನ ತಿರುಳಾದ ಕರ್ನಲ್ 2.6.29ರೊಳಗೆ ಬಂತು. ಡಿಸ್ಕಿನ ಹಳೇ ಬ್ಲಾಕಿನ (ಮಾಹಿತಿ ಇರುವ ತುಣುಕು ಜಾಗದ) ಮೇಲೆ ಅದು ಬರೆಯುವುದಿಲ್ಲ. ಬೇರೆ ಜಾಗದಲ್ಲಿ ಹೊಸದು ಬರೆದು, ಕೊನೆಗೆ ವಿಳಾಸ ಬದಲಿಸುತ್ತದೆ. ಮುಳುಗಡೆ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇನ್ರಿ? ನವನಗರದ ಸೆಕ್ಟರಿನಲ್ಲಿ ಮನೆ ಎದ್ದು ನಿಂತ ಮೇಲೆ ಹಳೇ ಮನೆ ಬಿಡೋದು. ಒಂದೇ ಫರಕು: ನಮ್ಮ ಹಳೇ ಮನೆಗಳು ಹಿನ್ನೀರಿಗೆ ಹೋದವು. ಇಲ್ಲಿ ಹಳೇ ಮನೆ ಹಾಗೇ ಇರುತ್ತದೆ, ಕೀಲಿಯೂ ನಮ್ಮ ಕೈಯಲ್ಲೇ.

ಓಪನ್‌ಸೂಸೆ ಎಂಬ ಲಿನಕ್ಸಿನಲ್ಲಿ ಸ್ನ್ಯಾಪರ್ ಎಂಬ ಸಾಧನವಿದೆ. ಪ್ಯಾಕೇಜು ಹಾಕುವ ಝಿಪ್ಪರ್‌ನಿಂದ ಅಪ್‌ಡೇಟ್ ಮಾಡಿದರೆ ಮುಂಚೆ ಒಂದು, ಆದಮೇಲೆ ಒಂದು, ಜೋಡಿ ಸ್ನ್ಯಾಪ್‌ಶಾಟ್ ತಾನೇ ತೆಗೆದಿಡುತ್ತದೆ. 61 ಮತ್ತು 62 ಅಂತಿಟ್ಟುಕೊಳ್ಳಿ; ಎರಡರ ನಡುವೆ ಯಾವ ಫೈಲು ಬದಲಾಯಿತು ಅಂತ ಕೇಳಿದರೆ ಪಟ್ಟಿ ಕೊಡುತ್ತದೆ. ಕೆಟ್ಟರೆ ಬೂಟ್ ಮೆನುವಿನಲ್ಲಿ 61 ಆರಿಸಿ, ಒಳಗೆ ಹೋಗಿ ರೋಲ್‌ಬ್ಯಾಕ್ (ಹಿಂದಕ್ಕೆ ಮರಳು) ಆದೇಶ ಕೊಟ್ಟು ರೀಬೂಟ್ ಮಾಡಬೇಕು. ಉಬುಂಟು ಎಂಬ ಇನ್ನೊಂದು ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇರೋದು ಎಕ್ಸ್‌ಟಿ4 ಫೈಲ್ ಸಿಸ್ಟಮ್. ಅಲ್ಲಿ ಟೈಮ್‌ಶಿಫ್ಟ್ ಎಂಬ ಸಾಧನ ಫೈಲುಗಳನ್ನು ನಕಲು ಮಾಡಿ ಕೆಲಸ ನಡೆಸುತ್ತದೆ, ಹೊತ್ತು ಹಿಡಿಯುತ್ತದೆ.

ಒಬ್ಬ ವಿದ್ಯಾರ್ಥಿ ಬಂದು, ‘ಸರ್, ಮೂವತ್ತು ಜಿಬಿ ಅಳಿಸೀನ್ರಿ, ಡಿಸ್ಕ್ ಇನ್ನೂ ತುಂಬೇ ಐತಿ’ ಅಂದ. ಅಳಿಸಿದ ಫೈಲನ್ನು ಹಳೇ ಸ್ನ್ಯಾಪ್‌ಶಾಟ್ ಹಿಡಿದುಕೊಂಡಿತ್ತು. ತೆಗೆಯುವಾಗ ಸ್ನ್ಯಾಪ್‌ಶಾಟ್ ಹೆಚ್ಚುಕಡಿಮೆ ಜಾಗವನ್ನೇ ತಿನ್ನೋದಿಲ್ಲ. ದಿನ ಹೋದಂತೆ ತಿನ್ನುತ್ತದೆ. ಹಳೇವನ್ನು ಎಣಿಸಿ ತೆಗೆಯಿರಿ.

ಕರ್ನಲ್ ಇರುವ ಬೂಟ್ (/boot) ಫೋಲ್ಡರು ಡಿಸ್ಕಿನ ಬೇರೆ ಪಾರ್ಟಿಷನ್ನಿನಲ್ಲಿದ್ದರೆ ಅದು ಸ್ನ್ಯಾಪ್‌ಶಾಟಿಗೆ ಸೇರೋದಿಲ್ಲ. ಸಿಸ್ಟಮ್ ಹಿಂದೆ ಹೋಗುತ್ತದೆ, ಕರ್ನಲ್ ಮುಂದೆಯೇ ಉಳಿಯುತ್ತದೆ, ಅದಕ್ಕೆ ಬೇಕಾದ ಮಾಡ್ಯೂಲುಗಳು (ಕರ್ನಲ್ಲಿನ ಬಿಡಿ ಭಾಗಗಳು) ಸಿಗೋದಿಲ್ಲ. ಡೇಟಾಬೇಸು ಇರುವ ವಾರ್ (/var) ಫೋಲ್ಡರಿನದು ಉಲ್ಟಾ ಕಥೆ: ಅದು ಸಿಸ್ಟಮ್ಮಿನ ಜೊತೆ ಹಿಂದೆ ಹೋಗಲೇಬಾರದು, ಹೋದರೆ ನಿನ್ನೆಯ ಅಂಕಪಟ್ಟಿ ಮಾಯ. ಓಪನ್‌ಸೂಸೆ ಅದನ್ನು ಬೇರೆ ಸಬ್‌ವಾಲ್ಯೂಮಿನಲ್ಲಿ (ಸ್ನ್ಯಾಪ್‌ಶಾಟಿಗೆ ಸೇರದ ಪ್ರತ್ಯೇಕ ಭಾಗದಲ್ಲಿ) ಇಟ್ಟಿರೋದು ಇದಕ್ಕೇ. ಮತ್ತೆ, ಡಿಸ್ಕೇ ಸತ್ತರೆ ಸ್ನ್ಯಾಪ್‌ಶಾಟೂ ಅದರ ಜೊತೆಗೇ ಸಾಯುತ್ತದೆ. ಬ್ಯಾಕಪ್ ಬೇರೆ ಡಿಸ್ಕಿನಲ್ಲೇ ಇರಬೇಕು.

ನಾನೀಗ ಶನಿವಾರಕ್ಕೊಮ್ಮೆ, ಹತ್ತಿಪ್ಪತ್ತು ಪ್ಯಾಕೇಜಿನಷ್ಟೇ ಅಪ್‌ಡೇಟ್ ಮಾಡುತ್ತೇನೆ. ಏನಾದರೂ ಕೆಟ್ಟರೆ ಹುಡುಕಲು ಹತ್ತಿಪ್ಪತ್ತೇ ಇರುತ್ತವೆ, ಆರುನೂರಲ್ಲ.

ಪ್ರೊಜೆಕ್ಟರ್ ಹಚ್ಚರಿ ಸ್ವಲ್ಪ. ಈ ಮಷಿನ್ನಿನ ಪ್ರೋಗ್ರಾಮುಗಳಿರುವ ಯುಎಸ್‌ಆರ್ ಬಿನ್ (/usr/bin) ಫೋಲ್ಡರನ್ನೇ ಈಗ ಅಳಿಸಿ, ಸ್ನ್ಯಾಪ್‌ಶಾಟಿನಿಂದ ಮರಳಿ ತರುತ್ತೇನೆ. ಹಿಂದೆ ಕೂತವರು ಮುಂದೆ ಬರ್ರಿ.