ಎತ್ತುವಾಗ ಉಸಿರು ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ನೀವು ಅಡುಗೆಮನೆಯಲ್ಲಿರಬಹುದು, ಹೊಲಕ್ಕೆ ಹೊರಟಿರಬಹುದು. ಕೆಲಸ ಬಿಡುವುದು ಬೇಡ. ಒಂದು ಕೈ ಮಾತ್ರ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಇಟ್ಟುಕೊಳ್ಳಿ. ಈಗ ಉಸಿರು ಎಳೆದುಕೊಳ್ಳಿ. ಕೈ ಮುಂದೆ ಬಂತಾ? ಹೆಗಲು ಮೇಲೆ ಹೋಯಿತಾ? ಹೆಗಲು ಹೋಗಿದ್ದರೆ ಈ ಐದು ನಿಮಿಷ ನಿಮಗಾಗಿಯೇ.

ನಾನು ಫಿಸಿಯೋಥೆರಪಿಸ್ಟ್. ಸೊಂಟ ನೋವು ಅಂತ ಬರುವವರನ್ನು ದಿನಾ ನೋಡುತ್ತೇನೆ. ಕೆಲವರು ಬೆಲ್ಟ್ ಕೇಳುತ್ತಾರೆ, ಕೆಲವರು ಮುಲಾಮು. ಉಸಿರಿನ ಮಾತು ತೆಗೆದರೆ, "ಏನ್ ಸಾರ್, ನಮಗೆ ಉಸಿರಾಡೋಕೂ ಬರಲ್ವಾ?" ಅನ್ನುತ್ತಾರೆ. ಬರುತ್ತಿತ್ತು. ತೊಟ್ಟಿಲಲ್ಲಿ ಮಲಗಿದ ಮಗುವನ್ನು ನೋಡಿ. ಹೊಟ್ಟೆ ಏರಿ ಇಳಿಯುತ್ತಿರುತ್ತದೆ, ಹೆಗಲು ಅಲುಗುವುದೇ ಇಲ್ಲ. ದೊಡ್ಡವರಾಗುತ್ತಾ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವುದನ್ನು ರೂಢಿ ಮಾಡಿಕೊಂಡೆವು, ಮೊಬೈಲ್ ಮೇಲೆ ಬಾಗಿ ಕೂರುವುದನ್ನೂ.

ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಒಂದು ಸ್ನಾಯು ಇದೆ. ಬೋರಲು ಹಾಕಿದ ಬಟ್ಟಲಿನ ಹಾಗೆ. ಅದರ ಅಂಚು ಕೆಳಗಿನ ಪಕ್ಕೆಲುಬುಗಳಿಗೆ ಅಂಟಿದೆ, ಹಿಂದೆ ಬೆನ್ನುಮೂಳೆಗೂ ಅಂಟಿದೆ. ಉಸಿರು ಎಳೆದಾಗ ಬಟ್ಟಲು ಕೆಳಗಿಳಿಯುತ್ತದೆ. ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯು, ಸುತ್ತ ನಡುಪಟ್ಟಿಯಂಥ ಒಳಸ್ನಾಯು, ಹಿಂದೆ ಬೆನ್ನುಮೂಳೆಯನ್ನು ಹಿಡಿದ ಸಣ್ಣ ಸ್ನಾಯುಗಳು. ಜಿಮ್‌ನವರು ಕೋರ್ ಅನ್ನುವುದು ಇದನ್ನೇ. ಸೈಕಲ್ ಟಯರಿನಲ್ಲಿ ಗಾಳಿ ಇದ್ದರೆ ಇಬ್ಬರನ್ನು ಹೊರುತ್ತದೆ. ಇಳಿದರೆ ರಿಮ್ಮು ನೆಲಕ್ಕೆ ಬಡಿಯುತ್ತದೆ, ಅಲ್ವಾ? ಸೊಂಟವೂ ಹಾಗೇ. ಮೊದಲು ಉಸಿರು ತುಂಬಿಸಿ, ಎತ್ತುವಾಗ ಬಿಡಿ. ಬಿಡುವಾಗ ಸುತ್ತಲಿನ ಸ್ನಾಯುಗಳು ಬಿಗಿಯಾಗಿ ಸೊಂಟವನ್ನು ಹಿಡಿಯುತ್ತವೆ.

ಇದನ್ನು ನನಗೆ ಕಲಿಸಿದವರು ಒಬ್ಬ ಹಮಾಲರು. ಆಗ ನನ್ನ ಓದು ಮುಗಿದಿತ್ತಷ್ಟೆ. ದಾವಣಗೆರೆಯ ಎಪಿಎಂಸಿ ಅಂಗಳ, ಮೆಕ್ಕೆಜೋಳದ ಸುಗ್ಗಿ. ಲಾರಿಗೆ ಮೂಟೆ ಏರಿಸುತ್ತಿದ್ದವರಲ್ಲಿ ಅವರಿಗೆ ಅರವತ್ತು ದಾಟಿತ್ತು. ತಲೆಗೆ ಟವೆಲು, ನಡು ಕಂಬದ ಹಾಗೆ ನೆಟ್ಟಗೆ. ಪ್ರತಿ ಮೂಟೆಗೂ ಬಾಯಿಂದ "ಹ್ಹಾಂ" ಅಂತ ಸದ್ದು. ಪಕ್ಕದ ಹುಡುಗರು ಉಸಿರು ಬಿಗಿಹಿಡಿದು, ಮುಖ ಕೆಂಪು ಮಾಡಿಕೊಂಡು ಎತ್ತುತ್ತಿದ್ದರು. ಚಹಾ ಕುಡಿಯುವಾಗ ಕೇಳಿದೆ, ಆ ಸದ್ದು ಯಾಕೆ ಅಂತ. ಗ್ಲಾಸು ಕೆಳಗಿಟ್ಟು, "ತಮ್ಮಾ, ಕೈ ಇಲ್ಲಿಡು" ಅಂದರು. ನನ್ನ ಎರಡೂ ಅಂಗೈಗಳನ್ನು ತಮ್ಮ ಪಕ್ಕೆಯ ಕೆಳಗೆ ಒತ್ತಿಕೊಂಡು, ಮಂಡಿ ಮಡಿಸಿ ಮೂಟೆಗೆ ಬಾಗಿದರು. ಮೂಟೆ ಇನ್ನೂ ನೆಲದಲ್ಲೇ ಇತ್ತು, ನನ್ನ ಕೈಗಳು ಎರಡೂ ಬದಿಗೆ ಸರಿದವು. ಪಕ್ಕೆ, ನಡು, ಬೆನ್ನು, ಸುತ್ತಲೂ ಉಬ್ಬಿತು. ಎದ್ದರು, ಹ್ಹಾಂ! ಉಸಿರು ಹೊರಗೆ ಹೋಗುತ್ತಿದ್ದ ಹಾಗೆ ಬೆರಳ ಕೆಳಗೆ ಹೊಟ್ಟೆ ಹಲಗೆಯಾಯಿತು. "ನಮ್ಮಪ್ಪ ಹೇಳಿಕೊಟ್ಟಿದ್ದು. ಉಸಿರು ಕಟ್ಟಿ ಎತ್ತಿದೋನ ಸೊಂಟ ಉಳಿಯಂಗಿಲ್ಲ" ಅಂದರು. ಪರೀಕ್ಷೆಯಲ್ಲಿ ವಪೆಯ ಚಿತ್ರ ಎಷ್ಟೋ ಸಲ ಬರೆದಿದ್ದೆ. ಅದರ ಕೆಲಸ ಕೈಗೆ ಸಿಕ್ಕಿದ್ದು ಅವತ್ತೇ.

ಕಲ್ಲಿಗೆ ಬಟ್ಟೆ ಒಗೆಯುವವರ "ಹುಷ್" ಕೇಳಿದ್ದೀರಲ್ಲ? ಅದೂ ಇದೇ.

ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಭಂಗಿಯ ಬಗ್ಗೆ ಒಂದೇ ಮಾತು. ಬಾಗಿ ಕೂತರೆ ವಪೆಯ ಬಟ್ಟಲಿಗೆ ಇಳಿಯಲು ಜಾಗ ಸಾಲುವುದಿಲ್ಲ. ಓದುತ್ತಾ ಕೂತ ಮಕ್ಕಳಿಗೆ "ನೆಟ್ಟಗೆ ಕೂತ್ಕೋ" ಅಂತ ಸುಮ್ನೆ ಗದರಬೇಡಿ. "ಹೊಟ್ಟೆ ತುಂಬ ಉಸಿರು ತಗೋ" ಅನ್ನಿ, ಬೆನ್ನು ತಾನೇ ಮೇಲೇಳುತ್ತದೆ.

ಇವತ್ತು ರಾತ್ರಿ ಚಾಪೆಯ ಮೇಲೆ ಮಂಡಿ ಮಡಿಸಿ ಅಂಗಾತ ಮಲಗಿ. ಹೊಟ್ಟೆಯ ಮೇಲೆ ಅರ್ಧ ಕೆಜಿ ರಾಗಿಯ ಪೊಟ್ಟಣ ಇಡಿ. ಮೂಗಿನಿಂದ ಎಳೆದಾಗ ಪೊಟ್ಟಣ ಏರಬೇಕು, ಬಾಯಿಂದ ನಿಧಾನ ಬಿಟ್ಟಾಗ ಇಳಿಯಬೇಕು. ಹತ್ತು ಸಲ ಸಾಕು, ದಯವಿಟ್ಟು ಜಾಸ್ತಿ ಬೇಡ. ನಾಳೆ ಬೆಳಿಗ್ಗೆ ಬಿಂದಿಗೆ ಇರಲಿ, 30 ಕೆಜಿಯ ತುಂಬಿದ ಸಿಲಿಂಡರ್ ಇರಲಿ, ಮಂಡಿ ಮಡಿಸಿ, ಪಕ್ಕೆ ತುಂಬ ಉಸಿರು ತಗೊಳ್ಳಿ. ಎತ್ತುವಾಗ ಬಿಡಿ. ಸದ್ದು ಬಂದರೆ ಬರಲಿ, ನಾಚಿಕೆ ಬೇಡ. ನಮಸ್ಕಾರ.