ಕಾಕಾ ಅವರ ಪಿಕಪ್‌ಗೆ ಹ್ಯಾಮ್ ರೇಡಿಯೊ

ಬಾನೆಟ್ ಎತ್ತಿದ್ದೇವೆ, ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟಿದ್ದೇವೆ. ಇದು ಗಂಗಾವತಿಯಲ್ಲಿ ಭತ್ತದ ಚೀಲ, ಹುಲ್ಲು, ಕೆಲವೊಮ್ಮೆ ಮದುವೆ ಮನೆಯ ಪಾತ್ರೆಗಳನ್ನೂ ಹೊರುವ ನಮ್ಮ ಕಾಕಾ ಅವರ ಬೊಲೆರೊ ಪಿಕಪ್. ಇವತ್ತು ಇದಕ್ಕೆ ಎರಡು ಮೀಟರ್ ಬ್ಯಾಂಡಿನ, ಅಂದರೆ ಸುಮಾರು ಎರಡು ಮೀಟರ್ ಉದ್ದದ ರೇಡಿಯೊ ಅಲೆಗಳಲ್ಲಿ ಮಾತಾಡುವ, ಹ್ಯಾಮ್ ರೇಡಿಯೊ ಕೂರಿಸಬೇಕು. ಹ್ಯಾಮ್ ಎಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರು. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಈ ಬ್ಯಾಂಡಿನಲ್ಲಿ ಸಿಕ್ಕಿರುವುದು 144ರಿಂದ 146 ಮೆಗಾಹರ್ಟ್ಸ್. ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯದೆ ಇದರ ಮೈಕ್ ಒತ್ತುವಂತಿಲ್ಲ. ಗಾಡಿಯಲ್ಲಿ ಬಳಸುವ ಮುನ್ನ ಲೈಸೆನ್ಸ್‌ನ ಷರತ್ತುಗಳನ್ನು ಒಮ್ಮೆ ಓದಿಕೊಳ್ಳಿ.

ಇದೆಲ್ಲ ಯಾಕೆ ಎಂದು ಕೇಳುವವರು ಮನೆಯಲ್ಲೂ ಇದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಆವತ್ತು ನಾವೆಲ್ಲ ಮೊಬೈಲನ್ನೇ ನಂಬಿ ಕುಳಿತಿದ್ದೆವು. ಟವರ್ ಇಲ್ಲದೆಯೂ ಮಾತು ದಾಟಿಸುವ ಒಂದು ದಾರಿ ಹೊಳೆದಂಡೆಯ ಊರಿನವರ ಕೈಯಲ್ಲಿರಲಿ ಎಂಬುದು ನನ್ನ ವಾದ. ಕಾಕಾ ಒಪ್ಪಿದ್ದು ಈ ವಾದಕ್ಕಲ್ಲ, "ಗಾಡಿಗೆ ಎಲ್ಲೂ ತೂತು ಹೊಡೆಯುವುದಿಲ್ಲ" ಎಂದು ನಾನು ಕೊಟ್ಟ ಮಾತಿಗೆ.

ಮೊದಲು ವಿದ್ಯುತ್ತಿನ ಕಡೆ ನೋಡೋಣ. ಹೆಚ್ಚಿನವರು ರೇಡಿಯೊಗೆ ಸಾವಿರಗಟ್ಟಲೆ ಸುರಿದು, ವೈರಿನ ಹತ್ತಿರ ಬಂದಾಗ ಜಿಪುಣರಾಗುತ್ತಾರೆ. ಸಿಗರೇಟ್ ಲೈಟರ್‌ನ ತೂತಿಗೆ ಸಿಕ್ಕಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. 50 ವ್ಯಾಟಿನ ಸೆಟ್ ಮಾತಾಡುವಾಗ ಹತ್ತು ಹನ್ನೊಂದು ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಸೀಟಿನ ಹಿಂದಕ್ಕೆ ಮೂರು ಮೀಟರ್ ವೈರ್ ಎಂದರೆ ಹೋಗಿ ಬರಲು ಆರು ಮೀಟರ್. ಮನೆಯ ಬಲ್ಬಿಗೆ ಎಳೆಯುವ 1 ಚದರ ಮಿ.ಮೀ. ತಾಮ್ರದ ವೈರ್ ಹಾಕಿದರೆ ದಾರಿಯಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಸೋರಿಹೋಗುತ್ತದೆ. 4 ಚದರ ಮಿ.ಮೀ. ವೈರಿನಲ್ಲಿ ಆ ನಷ್ಟ ಸುಮಾರು 0.3 ವೋಲ್ಟ್ ಮಾತ್ರ. ಹನ್ನೆರಡು ವೋಲ್ಟಿನ ಸಂಸಾರದಲ್ಲಿ ಒಂದು ವೋಲ್ಟ್ ಸಣ್ಣ ಬಾಬತ್ತಲ್ಲ. ಮಾತಿನ ಮಧ್ಯೆ ಸೆಟ್ ಆರಿ ಹೋಗುವುದು ಬಹಳ ಸಲ ಇದರಿಂದಲೇ.

ಈಗ ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ನೋಡಿ, ಕೆಂಪು ವೈರಿನಲ್ಲಿ ಒಂದು ಫ್ಯೂಸ್, ಕಪ್ಪು ವೈರಿನಲ್ಲೂ ಒಂದು ಫ್ಯೂಸ್, ಎರಡೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ. ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿ ಹತ್ತುವ ಮೊದಲು ಫ್ಯೂಸ್ ಹಾರಬೇಕು. ಅದಕ್ಕೇ ಅದು ಬ್ಯಾಟರಿಯ ಪಕ್ಕದಲ್ಲಿರಬೇಕು, ರೇಡಿಯೊ ಪಕ್ಕದಲ್ಲಲ್ಲ. ಕಪ್ಪು ವೈರಿಗೆ ಫ್ಯೂಸ್ ಯಾಕೆ ಎಂದು ಎಲೆಕ್ಟ್ರಿಷಿಯನ್ ಹುಡುಗ ನಕ್ಕ. ಹಳೆಯ ಗಾಡಿಗಳಲ್ಲಿ ಇಂಜಿನ್ನಿನ ಅರ್ತ್ ಪಟ್ಟಿ ಸಡಿಲವಾಗುವುದುಂಟು. ಆಗ ಸೆಲ್ಫ್ ಹೊಡೆದರೆ ಸ್ಟಾರ್ಟರ್‌ನ ನೂರಾರು ಆಂಪಿಯರ್ ಬೇರೆ ದಾರಿ ಹುಡುಕುತ್ತಾ ನಮ್ಮ ಈ ತೆಳ್ಳನೆಯ ಕಪ್ಪು ವೈರಿಗೇ ನುಗ್ಗಬಹುದು. ಹೀಗೆಂದಾಗ ಅವನೇ ಬಗ್ಗಿ ಆ ಪಟ್ಟಿಯ ನಟ್ಟನ್ನು ಸ್ಪ್ಯಾನರಿನಿಂದ ಒಂದು ಸುತ್ತು ಬಿಗಿ ಮಾಡಿದ.

ಬಾನೆಟ್‌ನಿಂದ ಕ್ಯಾಬಿನ್‌ಗೆ ವೈರ್ ಒಯ್ಯಲು ಕಂಪನಿಯವರೇ ಬಿಟ್ಟಿರುವ ರಬ್ಬರ್ ಬುಷ್ ಸಾಕಾಯಿತು. ಕಾಕಾ ಅವರಿಗೆ ಕೊಟ್ಟ ಮಾತೂ ಉಳಿಯಿತು. ಸೆಟ್ಟಿನ ಮೈ ಸೀಟಿನ ಹಿಂದೆ, ಮುಖದ ಭಾಗ ಮಾತ್ರ ಡ್ಯಾಶ್‌ಬೋರ್ಡಿನಲ್ಲಿ, ಹನುಮಂತನ ಚಿತ್ರದ ಕೆಳಗೆ. ನಮ್ಮ ಬೇಸಿಗೆಯಲ್ಲಿ ಇಡೀ ಸೆಟ್ಟನ್ನು ಗಾಜಿನ ಹಿಂದೆ ಇಟ್ಟರೆ ಅದು ಮಾತಾಡದೆಯೇ ಬಿಸಿಯೇರಿ ಕೂತಿರುತ್ತದೆ.

ಇನ್ನು ಆಂಟೆನಾ. ನಿಜವಾದ ಕೆಲಸ ಇಲ್ಲಿದೆ. ಕಾಲು ತರಂಗದ, ಅಂದರೆ ಅಲೆಯ ಉದ್ದದ ಕಾಲು ಭಾಗದಷ್ಟಿರುವ, ಕಡ್ಡಿಯ ಉದ್ದ ಈ ಬ್ಯಾಂಡಿಗೆ ಅರ್ಧ ಮೀಟರಿಗೆ ತುಸು ಕಡಿಮೆ. ಕಡ್ಡಿ ಆಂಟೆನಾದ ಅರ್ಧ ಭಾಗವಷ್ಟೇ, ಉಳಿದರ್ಧ ಗಾಡಿಯ ತಗಡಿನ ಚಾವಣಿ. ಆದ್ದರಿಂದ ಕಡ್ಡಿ ಚಾವಣಿಯ ನಟ್ಟನಡುವೆ ನಿಂತರೆ ಅಲೆ ನಾಲ್ಕೂ ದಿಕ್ಕಿಗೆ ಸಮನಾಗಿ ಹರಡುತ್ತದೆ. ಮೂಲೆಯಲ್ಲೋ ಬಂಪರಿನಲ್ಲೋ ಕೂರಿಸಿದರೆ ತಗಡು ಯಾವ ಕಡೆಗೆ ಹೆಚ್ಚು ಚಾಚಿದೆಯೋ ಆ ಕಡೆಗೆ ವಾಲುತ್ತದೆ. ಒಂದೂಕಾಲು ಮೀಟರಿನ ಉದ್ದನೆಯ ಕಡ್ಡಿಯೂ ಸಿಗುತ್ತದೆ, ಬಯಲಿನಲ್ಲಿ ಅದು ಇನ್ನೂ ಚೆನ್ನ. ಆದರೆ ಹಳ್ಳಿಗಳ ಬೇವಿನ ಕೊಂಬೆ, ಅಗಸೆ ಬಾಗಿಲು ನೆನಪಾಗಿ ಗಿಡ್ಡದ್ದನ್ನೇ ಆರಿಸಿದೆ.

ಅಯಸ್ಕಾಂತದ ತಳ ಆರಿಸಿದ್ದಕ್ಕೆ ಕಾರಣ ಹುಲ್ಲು. ಹುಲ್ಲು ಹೇರಿದಾಗ ಅದು ಕ್ಯಾಬಿನ್ ಮೇಲಕ್ಕೂ ಚಾಚಿಕೊಳ್ಳುತ್ತದೆ, ಮೇಲೊಂದು ತಾಡಪತ್ರಿ, ಹಗ್ಗ. ಹಮಾಲರು ಹತ್ತುವ ಮೊದಲೇ ಆಂಟೆನಾ ಕಿತ್ತು ಒಳಗಿಡಬೇಕು. ಗ್ಯಾರೇಜಿನಲ್ಲಿ ಈ ತಳವನ್ನು ಬೆಂಚಿನ ಮೇಲೆ ಇಟ್ಟಿದ್ದೆವು. ಎತ್ತಿ ತಿರುಗಿಸಿದರೆ ಅಂಚಿನ ಸುತ್ತ ಕಬ್ಬಿಣದ ಅರದ ಪುಡಿ ಮೀಸೆಯಂತೆ ನಿಮಿರಿ ನಿಂತಿತ್ತು. ಬಟ್ಟೆಯಲ್ಲಿ ಒರೆಸಿದರೆ ಪುಡಿ ಜಾರಿಕೊಂಡು ಇನ್ನೊಂದು ಬದಿಗೆ ಹೋಗುತ್ತದೆ, ಬಿಡುವುದಿಲ್ಲ. ಅಂಟು ಟೇಪನ್ನು ಒತ್ತಿ ಒತ್ತಿ ಎತ್ತಬೇಕು. ಹಾಗೆಯೇ ಕೂರಿಸಿದರೆ ಚಾವಣಿಯ ಬಣ್ಣವನ್ನು ಗೀರಿ ಹಾಕುತ್ತದೆ, ಆಮೇಲೆ ಕಾಕಾ ಅವರ ಎದುರು ನಿಲ್ಲುವವರು ಯಾರು?

ಎಸ್‌ಡಬ್ಲ್ಯುಆರ್ ಮೀಟರನ್ನು (ಆಂಟೆನಾಗೆ ಹೋದ ಶಕ್ತಿ ಎಷ್ಟು ಮರಳಿ ಬರುತ್ತಿದೆ ಎಂದು ತೋರಿಸುವ ಮೀಟರ್, 1 ಬಂದರೆ ಏನೂ ಮರಳುತ್ತಿಲ್ಲ ಎಂದರ್ಥ) ಸೆಟ್ಟಿಗೂ ಆಂಟೆನಾಗೂ ನಡುವೆ ಸಿಕ್ಕಿಸಿ, ಶಕ್ತಿ ಕಡಿಮೆ ಇಟ್ಟು ಅಳೆಯುತ್ತಿದ್ದೇವೆ. 144ರಲ್ಲಿ ಮುಳ್ಳು ಕೆಳಗಿದೆ, 146ಕ್ಕೆ ಹೋಗುತ್ತಿದ್ದಂತೆ ಏರುತ್ತಿದೆ. ಹೀಗಾದರೆ ಕಡ್ಡಿ ಉದ್ದವಾಗಿದೆ ಎಂದೇ ಅರ್ಥ. ಎರಡು ಮಿಲಿಮೀಟರ್ ಕತ್ತರಿಸು, ಅಳೆ, ಮತ್ತೆ ಎರಡು ಮಿಲಿಮೀಟರ್. ಕತ್ತರಿಸಿದ್ದನ್ನು ಮರಳಿ ಅಂಟಿಸಲಾಗದು, ಆದ್ದರಿಂದ ಇಲ್ಲಿ ಆತುರ ಬೇಡ. ಈಗ ಬ್ಯಾಂಡಿನ ನಡುವೆ 1.2 ತೋರಿಸುತ್ತಿದೆ. ಇದಕ್ಕಿಂತ ಕೆಳಗಿಳಿಸಲು ಹೆಣಗುವುದು ಸುಮ್ಮನೆ ಹಟ.

ಸರಿ, ರಸ್ತೆಗೆ ಇಳಿದಿದ್ದೇವೆ. ಆನೆಗೊಂದಿ, ಸಾಣಾಪುರದ ದಾರಿ. ಓಡಿಸುತ್ತಿರುವುದು ಕಾಕಾ, ಮೈಕ್ ನನ್ನ ಕೈಯಲ್ಲಿ. ಎರಡು ಗಾಡಿಗಳ ನಡುವೆಯಾದರೆ ಸಮತಟ್ಟು ನೆಲದಲ್ಲಿ ಮಾತು ಮುಟ್ಟುವುದು ಹತ್ತು ಹನ್ನೆರಡು ಕಿಲೋಮೀಟರ್ ಅಂದಾಜು. ಕೊಪ್ಪಳದ ಗೆಳೆಯರ ಮಾಳಿಗೆಯ ಮೇಲೆ ನೆಲದಿಂದ 20 ಮೀಟರ್ ಎತ್ತರದ ಆಂಟೆನಾ ಇದೆ, ಅವರೊಂದಿಗೆ ಸುಮಾರು 24 ಕಿಲೋಮೀಟರ್. ವ್ಯಾಟ್ ಹೆಚ್ಚಿಸುವುದಕ್ಕಿಂತ ಎತ್ತರ ಮೇಲು. 10 ವ್ಯಾಟನ್ನು 50 ಮಾಡಿದರೂ ಆ ಕಡೆಯವರ ಸೆಟ್ಟಿನ ಸಿಗ್ನಲ್ ಮೀಟರಿನ ಮುಳ್ಳು ಏರುವುದು ಒಂದು ಗುರುತಿಗಿಂತ ಚೂರು ಹೆಚ್ಚು ಅಷ್ಟೇ. ಈ ಬಂಡೆಗಳ ಸಂದಿಯಲ್ಲಂತೂ ಮಾತು ತುಂಡು ತುಂಡಾಗಿ ಬರುತ್ತದೆ. ಬಂಡೆಗೆ ಬಡಿದು ಬಂದ ಅಲೆ ನೇರ ಅಲೆಯ ಜೊತೆ ಕಾದಾಡುವುದರಿಂದ ಹೀಗೆ. ನಿಂತಾಗ ಸದ್ದು ಸತ್ತರೆ ಗಾಡಿಯನ್ನು ಅರ್ಧ ಮೀಟರ್ ಮುಂದೆ ತಳ್ಳಿ ನೋಡಿ, ಎಷ್ಟೋ ಸಲ ಜೀವ ಬರುತ್ತದೆ.

ಹುಲಿಗಿ ದಾಟಿ ಹಿಟ್ನಾಳದ ಕಡೆ ಬರುತ್ತಿದ್ದಂತೆ ಗೆಳೆಯರ ದನಿ ಬಂತು. ಆಕ್ಸಿಲರೇಟರ್ ಒತ್ತಿದಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್‌ನೇಟರ್‌ನ ಕುಯ್ಯೆನ್ನುವ ಸದ್ದು ಕೇಳುತ್ತದೆಯೇ ಎಂದೆ. ಇಲ್ಲ ಎಂದರು. ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದದ್ದಕ್ಕೆ ಇದು ಕೂಲಿ. ಅಷ್ಟರಲ್ಲಿ ಅವರು, "ಅಂದ ಹಾಗೆ ತಮ್ಮಾ, ಗಂಗಾವತಿಯಲ್ಲಿ ಸೋನಾ ಮಸೂರಿ ದರ ಎಷ್ಟು? ನಮಗೆ ನಾಲ್ಕು ಚೀಲ ತರಲು ನಿಮ್ಮ ಕಾಕಾಗೆ ಹೇಳು" ಎಂದರು. ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರದ ಮಾತು ನಿಷಿದ್ಧ. ಕಾಕಾ ಅವರ ಬಾಯಿ ಆಗಲೇ ತೆರೆದಿತ್ತು. ಮೈಕನ್ನು ಅವರಿಂದ ದೂರ ಹಿಡಿದು, "ಸರ್, ಅದಕ್ಕೆ ಫೋನ್ ಮಾಡುತ್ತೇನೆ" ಎಂದು ನನ್ನ ಲೈಸೆನ್ಸಿನ ಗುರುತಾದ ಕಾಲ್‌ಸೈನ್ ಹೇಳಿ ಮುಗಿಸಿದೆ.